ಉಪ್ಪಿನ ಕೈ

ಕಥೆ ಶುರುವಾಗುವ ಮುಂಚೆ ಒಮ್ಮೆ ನಿಮ್ಮ ಅಂಗೈ ನೋಡಿಕೊಳ್ಳಿ. ಬೆಳಗಿನಿಂದ ಈ ಹೊತ್ತಿನವರೆಗೆ ಅದನ್ನು ಯಾವ ಕಂಬಕ್ಕೆ ಊರಿದಿರಿ, ಯಾವ ಬಾಗಿಲಿಗೆ ಒತ್ತಿದಿರಿ, ಯಾರ ಮನೆಯ ಗೋಡೆಗೆ ಆನಿಸಿದಿರಿ, ನೆನಪಿದೆಯೇ? ಇಲ್ಲವಲ್ಲ. ಕೈಗೆ ಮರೆವು ಜಾಸ್ತಿ. ಆದರೆ ಗೋಡೆಗೆ ಮರೆವೇ ಇಲ್ಲದಿದ್ದರೆ ಮನುಷ್ಯರ ಗತಿಯೇನು ಎಂದು ತಿಳಿಯಬೇಕಾದರೆ ದಾವಣಗೆರೆ ಕಡೆಯ ಆ ಭಟ್ಟಿ ಓಣಿಗೆ ಬರಬೇಕು.

ಓಣಿಯ ತುಂಬ ಮಂಡಕ್ಕಿ ಭಟ್ಟಿಗಳು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪುನೀರು ಕಲಸಿ, ಕಾದ ಮರಳಿನಲ್ಲಿ ಹುರಿದರೆ ಅರಳಿ ಬರುವುದೇ ಮಂಡಕ್ಕಿ. ಅಷ್ಟು ಬೆಳ್ಳಗಿನ ವಸ್ತು ಹುಟ್ಟುವ ಜಾಗದಷ್ಟು ಕಪ್ಪು ಜಾಗ ಈ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಬಿಳಿ ಕೊಕ್ಕರೆಯೊಂದು ಓಣಿಯ ಈ ತುದಿಯಲ್ಲಿ ಹೊಕ್ಕರೆ ಆ ತುದಿಯಲ್ಲಿ ಕಾಗೆಯಾಗಿ ಹೊರಬೀಳುತ್ತಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣ ತಿಳಿಯಲು ಮೂರು ಸಲ ಮುಖ ತೊಳೆಸಿ, ಆಮೇಲೂ ಅನುಮಾನದಲ್ಲೇ ತಾಂಬೂಲ ಬದಲಾಯಿಸುತ್ತಿದ್ದರು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ಮನೆಯಲ್ಲಿ ಸಾವಾದರೆ ಹನ್ನೊಂದನೇ ದಿನ ಮತ್ತೊಮ್ಮೆ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಒಣಗುವುದರೊಳಗೆ ಮಸಿ ಬಂದು ಕೂರುತ್ತಿತ್ತು.

ಆ ಓಣಿಗೆ ತಾವರೆ ಬಣ್ಣ ಬಂತು.

ತಂದವಳು ಓಣಿಯಲ್ಲೇ ಹುಟ್ಟಿದ ಮೆಹರುನ್ನಿಸಾ. ಭಟ್ಟಿಯ ಖೈರುನ್ಬಿಯ ಮಗಳು. ಚಿಕ್ಕಂದಿನಲ್ಲಿ ಮೂಗು ಸುರಿಸಿಕೊಂಡು ಮರಳು ಜರಡಿ ಹಿಡಿಯುತ್ತಿದ್ದವಳು ಈಗ ಊರಾಚೆಯ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕಣ್ಣಿಗೆ ಕಾಣದ ವಸ್ತುಗಳನ್ನು ಸಾಕುತ್ತಿದ್ದಳು. ಬಣ್ಣ ಎಂದು ಹೆಸರೇ ಹೊರತು ಅದಕ್ಕೆ ಬಣ್ಣವಿರಲಿಲ್ಲ. ಗೋಡೆಗೆ, ಬಾಗಿಲಿಗೆ ಪಿಚಕಾರಿಯಲ್ಲಿ ಹೊಡೆದರೆ ಆಯಿತು.

"ತಾವರೆ ಎಲೆ ಮ್ಯಾಲೆ ನೀರು ನಿಲ್ತದಾ? ಇಲ್ಲ. ಯಾಕಂದ್ರೆ ಎಲೆ ತುಂಬ ಸಣ್ಣ ಸಣ್ಣ ರೋಮ ಇರ್ತವೆ. ನೀರು ಆ ರೋಮದ ತುದಿ ಮ್ಯಾಲೇ ಕೂರ್ತದೆ, ಒಳಗಿಳಿಯಲ್ಲ. ಹಂಗೇ ಉರುಳಿ ಹೋಗ್ತದೆ, ಹೋಗ್ತಾ ಕಸಾನೂ ಹೊತ್ಕೊಂಡು ಹೋಗ್ತದೆ. ಈ ಬಣ್ಣ ಹಚ್ಚಿದ್ರೆ ಗೋಡೆಗೂ ಅಂಥ ರೋಮ ಬರ್ತವೆ. ತಲೆಗೂದಲನ್ನ ಸಾವಿರ ಸಲ ಸೀಳಿದ್ರೆ ಎಷ್ಟು ಸಣ್ಣದೋ ಅಷ್ಟು ಸಣ್ಣವು," ಎಂದು ಮೆಹರು ಓಣಿಯ ಹೆಂಗಸರಿಗೆಲ್ಲ ತಿಳಿಸಿದಳು.

"ಗೋಡೆಗೂ ಮೀಸೆ ಬರಿಸ್ತೀಯೇನೇ?" ಎಂದು ಕೇಳಿದ್ದಳು ಪಕ್ಕದ ಭಟ್ಟಿಯ ಕರಿಬಸಮ್ಮ. ಆಗ ಅವಳ ಗಂಡ ಕೊಟ್ರಪ್ಪ ಬದುಕಿದ್ದ. ಅವಳ ನಗುವೂ ಬದುಕಿತ್ತು.

ಬಣ್ಣ ಹೇಳಿದಂತೆಯೇ ಕೆಲಸ ಮಾಡಿತು. ಭತ್ತ ಬೇಯುವ ಹಬೆ ಗೋಡೆಗೆ ತಾಗಿ ಹನಿಯಾಗಿ, ಹನಿ ಉರುಳಿ, ಮಸಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಕೆಳಗಿಳಿಯುತ್ತಿತ್ತು. ಹತ್ತು ವರ್ಷ ಸುಣ್ಣ ಬೇಡ, ತೊಳೆಯುವುದೂ ಬೇಡ ಎಂದು ಲ್ಯಾಬಿನವರು ಕಾರ್ಡಿನಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದರು. ಸುಣ್ಣದ ಕುಂಚಗಳೆಲ್ಲ ಅಟ್ಟ ಸೇರಿದವು. ಹಳೆಯದನ್ನು ಮುಚ್ಚುತ್ತಿದ್ದದ್ದು ಸುಣ್ಣವೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಒಂದು ವರ್ಷ ಹೀಗೇ ಹೋಯಿತು. ಎರಡನೇ ಆಷಾಢದಲ್ಲಿ ಒಂದು ಬೆಳಿಗ್ಗೆ ಖೈರುನ್ಬಿ ಭತ್ತದ ಹಂಡೆಯ ಮುಚ್ಚಳ ತೆಗೆದಳು. ಹಬೆ ಎದ್ದಿತು. ಗೋಡೆಯ ತುಂಬ ಸಾಸಿವೆಗಾತ್ರದ ಹನಿಗಳು ಕೂತು ಗೋಡೆ ಬೆಳ್ಳಗಾಯಿತು. ಆ ಬಿಳುಪಿನ ನಡುವೆ ಒಂದು ಕಡೆ ಹನಿಯೇ ಕೂರದೆ, ನೀರು ತೆಳ್ಳಗೆ ಹರಡಿ, ಕಪ್ಪಗೆ ಒಂದು ಆಕಾರ ಎದ್ದಿತು. ಐದು ಬೆರಳು. ಕಿರುಬೆರಳು ಸೊಟ್ಟ. ಹತ್ತು ತಿಂಗಳ ಹಿಂದೆ ತೀರಿಕೊಂಡ ಅತ್ತೆಯ ಕೈ.

ಆಳಿನ ಕೆಲಸಕ್ಕೆ ಬಂದಿದ್ದ ಕರಿಬಸಮ್ಮನ ಕೈಯಿಂದ ಮೊರ ಬಿತ್ತು. ಖೈರುನ್ಬಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಆ ಕೈ ಇದ್ದ ಜಾಗ ನೋಡಿದಳು. ಬೆಲ್ಲದ ಡಬ್ಬಿ ಇಡುವ ಗೂಡಿನ ಪಕ್ಕ.

"ನಾನು ಮುಟ್ಟಿಲ್ಲ, ನಾನು ಮುಟ್ಟಿಲ್ಲ ಅಂತ ಅಲ್ಲಾನ ಮ್ಯಾಲೆ ಆಣೆ ಹಾಕ್ತಿತ್ತು ಮುದುಕಿ!" ಎಂದು ನಕ್ಕಳು. ನಕ್ಕವಳು ಹಾಗೇ ಕುಸಿದು ಕೂತು ಅತ್ತಳು. ಸೊಟ್ಟ ಕಿರುಬೆರಳಿಗೆ ತನ್ನ ಬೆರಳು ಹಚ್ಚಿ ಅತ್ತಳು.

ವಾರದೊಳಗೆ ಓಣಿಯ ಎಲ್ಲ ಗೋಡೆಗಳೂ ಬಾಯಿಬಿಟ್ಟವು. ಹಬೆ ಎದ್ದಾಗ ಕೈ, ಹಬೆ ಆರಿದಾಗ ಬರೀ ಗೋಡೆ. ಆರು ಬೆರಳಿನ ಹಾಲೇಶಿ ಎಂಬವನ ಬಲಗೈ ಅವನು ಜನ್ಮದಲ್ಲಿ ಹೊಸ್ತಿಲು ತುಳಿದಿಲ್ಲವೆಂದು ಹೇಳುತ್ತಿದ್ದ ಮನೆಯ ಅಡುಗೆಕೋಣೆಯಲ್ಲಿ ಮೂಡಿ, ಓಣಿಗೆ ಓಣಿಯೇ ಎರಡು ದಿನ ಒಲೆ ಹಚ್ಚುವುದನ್ನು ಮರೆತು ಮಾತಾಡಿತು. ಐದೇ ಬೆರಳಿನ ಗಂಡಸರು ದೇವರಿಗೆ ಕಾಯಿ ಒಡೆಸಿದರು. ಕೆಲವರು ಕೈಗೆ ಟವೆಲ್ಲು ಸುತ್ತಿಕೊಂಡು ಓಡಾಡತೊಡಗಿದರು. ಓಣಿಯ ಕೊನೆಯ ಮನೆಯಲ್ಲಿ ಎರಡು ವರ್ಷದ ಮಗು ಜ್ವರದಲ್ಲಿ ಹೋಗಿತ್ತು. ಅದರ ತಾಯಿ ಹಬೆಗೆ ಕಾಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮೊಣಕಾಲೂರಿ, ಗೋಡೆಯ ಬುಡಕ್ಕೆ ಬಾಯಿ ಹಚ್ಚಿ ಉಸಿರು ಬಿಡುತ್ತಿದ್ದಳು. ಹುಣಸೆಬೀಜದಷ್ಟು ಸಣ್ಣ ಬೆರಳುಗಳು ಮೂಡುತ್ತಿದ್ದವು. ಅವು ಮಾಯವಾಗುವಷ್ಟರಲ್ಲಿ ಇನ್ನೊಂದು ಉಸಿರು. ಆ ಮನೆಯ ಮುಂದೆ ಮಾತ್ರ ಯಾರೂ ತಮಾಷೆ ಮಾಡಲಿಲ್ಲ.

ಇಡೀ ಓಣಿಯಲ್ಲಿ ಹಬೆ ಏಳದ ಭಟ್ಟಿ ಒಂದೇ ಒಂದು. ಕರಿಬಸಮ್ಮನದು.

ಕೊಟ್ರಪ್ಪ ಸತ್ತ ದಿನದಿಂದ ಅವಳು ಆ ಬಾಗಿಲು ತೆಗೆದಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿ, ಖೈರುನ್ಬಿಯ ಭಟ್ಟಿಯಲ್ಲಿ ದುಡಿದು ಉಣ್ಣುತ್ತಿದ್ದಳು. ಗಂಡನ ನೆನಪಿಗೆ ಹೆದರಿದ್ದಾಳೆ ಎಂದು ಓಣಿ ಮರುಗುತ್ತಿತ್ತು. ಅವಳು ಹೆದರಿದ್ದು ನೆನಪಿಗಲ್ಲ, ಚಿಲಕಕ್ಕೆ.

ಅದೊಂದು ಓಣಿಯ ಪದ್ಧತಿ. ಭಟ್ಟಿ ಬಿಟ್ಟು ಹೊರಗೆ ಹೋಗುವವರು ಹೊರಚಿಲಕ ಸಿಕ್ಕಿಸಿಯೇ ಹೋಗಬೇಕು. ಇಲ್ಲದಿದ್ದರೆ ಓಣಿಯ ಆಡುಗಳು ನುಗ್ಗಿ ಒಂದು ಗಳಿಗೆಯಲ್ಲಿ ಒಂದು ಚೀಲ ಮಂಡಕ್ಕಿ ಮುಗಿಸಿ, ಮೇಲೆ ತೇಗಿ ಹೋಗುತ್ತವೆ. ಒಳಗೆ ಯಾರಾದರೂ ಮಲಗಿದ್ದರೂ ಅಷ್ಟೆ. ಕೈ ಮಾತು ಕೇಳದೆ ತಾನೇ ಚಿಲಕ ಹಾಕಿಬಿಡುತ್ತದೆ.

ಹೋದ ವರ್ಷದ ಯುಗಾದಿಗೆ ಹತ್ತು ದಿನ ಮುಂಚೆ, ಮಂಗಳವಾರ ಮಧ್ಯಾಹ್ನ. ಹುರಿಯುವ ಕೆಲಸ ಮುಗಿಸಿ, ಉಪ್ಪು ಮೆತ್ತಿದ ಕೈಯನ್ನೂ ತೊಳೆಯದೆ ಕೊಟ್ರಪ್ಪ ಚಾಪೆಯ ಮೇಲೆ ಉರುಳಿದ.

"ನೀರಿಗೆ ಮಸಿ ವಾಸನೆ ಹೊಡೀತದೆ," ಎಂದು ಗೊಣಗಿದ.

"ಮಸಿ ಇರೋದು ನಿನ್ನ ಮೂಗಲ್ಲಿ. ನಲವತ್ತು ವರ್ಷದಿಂದ ನೀನು ಕುಡಿದಿದ್ದು ಇದೇ ಕೊಡದ ನೀರೇ ಅಲ್ವಾ?" ಎಂದಳು.

"ನಲವತ್ತು ವರ್ಷದಿಂದ ಅದಕ್ಕೇ ಹೇಳಾಕತ್ತೀನಿ."

ಮಾತಿಗೆ ಮಾತು ಬೆಳೆಯಿತು. ಅವಳು ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು, ಬಾಗಿಲೆಳೆದು, ಚಿಲಕ ಸಿಕ್ಕಿಸಿ, ಖೈರುನ್ಬಿಯ ಹಿತ್ತಲಿಗೆ ಹೋದಳು. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಗಂಡನನ್ನು ಬಯ್ದಳು, ಖೈರುನ್ಬಿ ತನ್ನ ಗಂಡನನ್ನು ಬಯ್ದಳು. ಇಬ್ಬರು ಹೆಂಗಸರು ಇಬ್ಬರು ಗಂಡಂದಿರನ್ನು ಬಯ್ಯತೊಡಗಿದರೆ ಸೂರ್ಯನೂ ನಿಂತು ಕೇಳುತ್ತಾನೆ. ಮೂರು ತಾಸು ಹೋಯಿತು. ವಾಪಸು ಬಂದು ಚಿಲಕ ತೆಗೆದಾಗ ಕೊಟ್ರಪ್ಪ ಮೂಲೆಯ ನೀರಿನ ಕಟ್ಟೆಯ ಬಳಿ, ತಂಪಿಗೆಂದು ಜರುಗಿ ಮಲಗಿದವನ ಹಾಗೆ ಮಲಗಿದ್ದ. ಮೈ ಅದಕ್ಕಿಂತ ತಂಪಾಗಿತ್ತು.

"ಎದೆ ನಿಂತಿದೆ. ನಿದ್ದೆಯಲ್ಲೇ ಹೋಗಿದ್ದಾರೆ, ಪುಣ್ಯವಂತರು," ಎಂದರು ಡಾಕ್ಟರು.

ನಿದ್ದೆಯಲ್ಲೇ ಹೋದನೋ, ಎದ್ದು ಬಂದು ಬಾಗಿಲು ಬಡಿದನೋ? "ಲೇ ಕರೀ, ಚಿಲಕ ತೆಗಿಯೇ" ಎಂದು ಕೂಗಿದನೋ? ಈ ಪ್ರಶ್ನೆಯನ್ನು ಅವಳು ಯಾರಿಗೂ ಹೇಳಲಿಲ್ಲ. ಅನ್ನದ ಜೊತೆ ಕಲಸಿ ದಿನಾ ನುಂಗುತ್ತಿದ್ದಳು. ಹನ್ನೊಂದನೇ ದಿನ ಸುಣ್ಣ ಬಳಿಯಬೇಕೆಂದು ಅವಳ ಮೈದುನ ಕುಂಚ ಹಿಡಿದಾಗ ಯಾರೋ ಕಾರ್ಡು ತೋರಿಸಿದ್ದರು. ಹತ್ತು ವರ್ಷ ಸುಣ್ಣ ಬೇಡ. ಹಾಗಾಗಿ ಆ ಮಧ್ಯಾಹ್ನ ಆ ಕೋಣೆಯಲ್ಲಿ ಏನೇನು ನಡೆಯಿತೋ ಎಲ್ಲವೂ ಗೋಡೆಯಲ್ಲಿ, ಬಾಗಿಲಲ್ಲಿ ಒಣಗಿ ಕೂತಿತ್ತು. ಒಂದು ಹಂಡೆ ಹಬೆ ಸಾಕು, ಹೊರಗೆ ಬರಲು.

ಅಷ್ಟರಲ್ಲಿ ಸುದ್ದಿ ಬಂತು. ಲ್ಯಾಬಿನವರು ಸೋಮವಾರ ಬಂದು ಎಲ್ಲ ಗೋಡೆಗಳನ್ನೂ ತೊಳೆದು, ಹೊಸ ಬಣ್ಣ ಹೊಡೆಯುತ್ತಾರೆ. ಕೈ ಮೂಡದ ಬಣ್ಣ.

ಶನಿವಾರ ಕರಿಬಸಮ್ಮ ಒಂದು ಸೇರು ಮಂಡಕ್ಕಿ ಸೆರಗಿಗೆ ಕಟ್ಟಿಕೊಂಡು ಕಾಲೇಜಿಗೆ ಹೋದಳು. ಲ್ಯಾಬು ಎಂದರೆ ತಣ್ಣಗೆ, ಬೆಳ್ಳಗೆ, ದೇವರಿಲ್ಲದ ಗರ್ಭಗುಡಿಯ ಹಾಗಿತ್ತು. ಗಾಜಿನ ಮೇಲೊಂದು ಹನಿ, ಆ ಹನಿಯ ಚಿತ್ರ ಎದುರಿನ ಪರದೆಯ ಮೇಲೆ ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೆಹರುವಿನ ಪ್ರೊಫೆಸರು ಸದ್ಯೋಜಾತ ಎಂಬವರು ಅದರ ಮುಂದೆ ತಲೆ ಹಿಡಿದು ನಿಂತಿದ್ದರು.

"ಐವತ್ತು ಜನರ ಕೈ ಒತ್ತಿಸಿ ಪರೀಕ್ಷೆ ಮಾಡಿದ್ದೆವಲ್ಲಮ್ಮ. ಒಂದೂ ಉಳಿಯಲಿಲ್ಲ."

"ಸರ್, ಆ ಐವತ್ತೂ ಸೋಪು ಹಾಕಿ ತೊಳೆದ ಕೈ. ನಮ್ಮ ಓಣೀಲಿ ಅಂಥ ಕೈ ಒಂದೂ ಇಲ್ಲ," ಎಂದಳು ಮೆಹರು. "ನಮ್ಮವು ಉಪ್ಪಿನ ಕೈ. ಬೆವರು, ಎಣ್ಣೆ ಜಿಡ್ಡು, ಮ್ಯಾಲೆ ಉಪ್ಪುನೀರು. ಮೊದಲು ಅದು ರೋಮದ ತುದೀಲೇ ಇತ್ತು. ವರ್ಷ ಕಳೀತಾ ಬುಡಕ್ಕಿಳೀತು. ಈಗ ಎಲ್ಲೆಲ್ಲಿ ಉಪ್ಪು ಇದೆಯೋ ಅಲ್ಲಲ್ಲಿ ಗೋಡೆ ನೀರು ಎಳ್ಕೊಳ್ತದೆ."

"ಉಪ್ಪು ತಿಂದವನು ನೀರು ಕುಡೀಲೇಬೇಕು," ಎಂದಳು ಬಾಗಿಲಲ್ಲಿ ನಿಂತ ಕರಿಬಸಮ್ಮ.

ಪ್ರೊಫೆಸರು ತಿರುಗಿ ನೋಡಿದರು. "ನಾವು ಎಂಟು ಪುಟ ಬರೆದದ್ದು ಇದನ್ನೇ," ಎಂದು ನಿಟ್ಟುಸಿರುಬಿಟ್ಟು, ಸೆರಗಿನ ಮಂಡಕ್ಕಿಗೆ ಕೈಹಾಕಿದರು.

ಮೆಹರು ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. "ಏನು ದೊಡ್ಡವ್ವ, ಇಷ್ಟು ದೂರ?"

"ಸುಮ್ನೆ ಬಂದೆ." ಕರಿಬಸಮ್ಮ ಪರದೆಯ ಮೇಲಿನ ಹನಿಯನ್ನೇ ನೋಡುತ್ತಾ ಕೇಳಿದಳು, "ಮೆಹರೂ, ಒರಗಿ ನಿಂತ ಕೈಗೂ ಬಡಿದ ಕೈಗೂ ಫರಕು ಗೊತ್ತಾಗ್ತದೇನೆ?"

"ಗೊತ್ತಾಗ್ತದೆ. ಒರಗಿದ್ರೆ ಅಂಗೈ ಪೂರ್ತಿ ಮೂಡ್ತದೆ. ಬಡಿದ್ರೆ ಮುಷ್ಟಿಯ ಅಂಚು, ಒಂದರ ಮ್ಯಾಲೊಂದು. ಯಾಕೆ?"

"ಹಿಂಗೇ," ಎಂದು ಅವಳು ಎದ್ದಳು. ಮೆಹರು ಆ ಮುಖ ನೋಡಿದಳು. ಅವಳೂ ಭಟ್ಟಿ ಓಣಿಯ ಮಗಳೇ. ಹೊರಚಿಲಕದ ಪದ್ಧತಿ ಅವಳಿಗೂ ಗೊತ್ತು.

ಭಾನುವಾರ ಮಧ್ಯಾಹ್ನ, ಅದೇ ಹೊತ್ತಿಗೆ, ಕರಿಬಸಮ್ಮ ಭಟ್ಟಿಯ ಚಿಲಕ ತೆಗೆದಳು. ಖೈರುನ್ಬಿ ಒಂದು ಬುಟ್ಟಿ ನೆನೆದ ಭತ್ತ ತಂದುಕೊಟ್ಟಳು.

"ನಾನೂ ಇರ್ತೀನಿ ತಗಾ."

"ಬ್ಯಾಡ. ನಿನ್ನ ಬಾಯಿ ಮುಂದೆ ಹಬೆ ಏಳಾಕೂ ಹೆದರ್ತದೆ."

"ನಿನ್ನ ಬಾಯಿ ಮುಂದೆ ಒಲೇನೇ ಆರ್ತದೆ, ಹೋಗು," ಎಂದು ಖೈರುನ್ಬಿ ಹೋದವಳು, ತನ್ನ ಮನೆಯ ಬಾಗಿಲಲ್ಲೇ ಇತ್ತ ಕಿವಿಕೊಟ್ಟು ನಿಂತಳು.

ಕರಿಬಸಮ್ಮ ಹಂಡೆಗೆ ಭತ್ತ ಸುರಿದು, ನೀರು ಹಾಕಿ, ಹೊಟ್ಟು ಉರಿ ಮಾಡಿ, ಬಾಗಿಲು ಮುಚ್ಚಿಕೊಂಡು, ಆ ಬಾಗಿಲಿಗೆ ಎದುರಾಗಿ ಕೂತಳು. ಗೋಡೆಗಳು ನಿನ್ನೆ ಕಟ್ಟಿದ ಹಾಗೆ ಸ್ವಚ್ಛ. ಒಂದು ಜೇಡವಿಲ್ಲ, ಒಂದು ಮಸಿಯಿಲ್ಲ. ನೀರು ಗುಂಯ್ ಎಂದಿತು, ಕುದಿಯಿತು. ಮುಚ್ಚಳ ತಾನೇ ಕುಣಿಯಿತು. ಅವಳು ಮುಚ್ಚಳ ತೆಗೆಯಲು ಚಾಚಿದ ಕೈ ಮೂರು ಸಲ ಹಿಂದೆ ಬಂತು. ನಾಲ್ಕನೇ ಸಲ ತೆಗೆದಳು.

ಹಬೆ ಎದ್ದಿತು. ಬಾಗಿಲು ಮೊದಲು ಮಬ್ಬಾಯಿತು, ಆಮೇಲೆ ಬೆಳ್ಳಗಾಯಿತು. ಎದೆಯೆತ್ತರದಲ್ಲಿ ಒಂದು ಅಂಗೈ ಮೂಡಿತು. ಉಂಗುರಬೆರಳಿನ ತುದಿಯಿಲ್ಲ. ಕಾದ ಮರಳು ತಿಂದ ಬೆರಳು, ಕೊಟ್ರಪ್ಪನದೇ. ಪೂರ್ತಿ ಅಂಗೈ. ದಿನಾ ಬಾಗಿಲು ನೂಕುತ್ತಿದ್ದ ಕೈ. ಪಕ್ಕದಲ್ಲಿ ಇನ್ನೊಂದು, ಅಂಥದೇ. ಅವಳು ಎದ್ದು ಹತ್ತಿರ ಹೋಗಿ, ಚಿಲಕದ ಜಾಗ, ಸಂದು, ಬುಡ, ಎಲ್ಲ ಕಡೆ ಹುಡುಕಿದಳು. ಮುಷ್ಟಿಯಿಲ್ಲ. ಉಗುರಿನ ಗೀರಿಲ್ಲ. ಬುಡದಲ್ಲಿ ಬರೀ ಹನಿ, ಮುತ್ತು ಚೆಲ್ಲಿದ ಹಾಗೆ.

ಬಡಿದಿರಲಿಲ್ಲ.

ಒಂದು ವರ್ಷ ನಾಲ್ಕು ತಿಂಗಳು ಎದೆಯ ಮೇಲೆ ಕೂತಿದ್ದ ಬೀಸುವ ಕಲ್ಲು ಎದ್ದು ಹೋಯಿತು. ಅವಳು ಬಾಗಿಲಿಗೆ ಹಣೆ ಹಚ್ಚಿ ನಕ್ಕಳು. "ಅಂತೂ ಮಲಗಿದ್ಯಲ್ಲೋ! ಕುಂಭಕರ್ಣ! ನಾನು ಸುಮ್‌ಸುಮ್ನೆ..." ಎನ್ನುತ್ತಾ ತಿರುಗಿದಳು.

ಹಬೆ ಅಷ್ಟರಲ್ಲಿ ಕೋಣೆಯ ಆ ಬದಿಯ ಗೋಡೆಗೂ ಮುಟ್ಟಿತ್ತು.

ಚಾಪೆ ಹಾಸುತ್ತಿದ್ದ ಜಾಗದಿಂದ ಶುರು. ಸೊಂಟದೆತ್ತರದಲ್ಲಿ ಒಂದು ಕೈ, ತುದಿಯಿಲ್ಲದ ಉಂಗುರಬೆರಳು. ಅಲ್ಲಿಂದ ಒಂದು ಮೊಳ ಆಚೆ ಇನ್ನೊಂದು, ಸ್ವಲ್ಪ ಕೆಳಗೆ. ಮತ್ತೊಂದು, ಮೊಣಕಾಲೆತ್ತರ. ಮತ್ತೊಂದು, ಬೆರಳು ಜಾರಿ ಎಳೆದದ್ದು. ಗೋಡೆ ಹಿಡಿದು, ಕುಸಿದು, ತೆವಳಿ ಹೋದ ಮನುಷ್ಯನ ಕೈಗಳು ಒಂದರ ಹಿಂದೊಂದು ಅವಳ ಕಣ್ಣೆದುರೇ ಮೂಡುತ್ತಾ, ಈಗಷ್ಟೇ ಯಾರೋ ಅಲ್ಲಿ ನಡೆಯುತ್ತಿರುವ ಹಾಗೆ ಮುಂದೆ ಹೋದವು. ಬಾಗಿಲ ಕಡೆಗಲ್ಲ. ಮೂಲೆಯ ನೀರಿನ ಕಟ್ಟೆಯ ಕಡೆಗೆ.

ಕಟ್ಟೆಯ ಮೇಲೆ, ಕೊಡ ಇರುತ್ತಿದ್ದ ಜಾಗದ ಹಿಂದಿನ ಗೋಡೆಯಲ್ಲಿ, ಕೊನೆಯ ಕೈ. ಒಂದಲ್ಲ, ಅದೇ ಕೈ ನಾಲ್ಕು ಕಡೆ. ಇಲ್ಲಿ ಸವರಿದೆ, ಅಲ್ಲಿ ಸವರಿದೆ. ಕತ್ತಲೆಗಣ್ಣಿನವರು ಇಟ್ಟ ವಸ್ತು ಇಟ್ಟಲ್ಲಿ ಸಿಗದೆ ತಡಕಾಡಿದ ಹಾಗೆ. ಕಡೆಯಲ್ಲಿ ಅಂಗೈ ಅಗಲಿಸಿ ಅಲ್ಲೇ ಇಟ್ಟುಬಿಟ್ಟಿದ್ದ.

ಕೊಡ ಆಗ ಖೈರುನ್ಬಿಯ ಹಿತ್ತಲಲ್ಲಿತ್ತು. ಹುಣಸೆಹಣ್ಣು ಹಚ್ಚಿಸಿಕೊಂಡು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಚಿಲಕದ ಬಗ್ಗೆ ಅವಳು ಲಕ್ಷ ಸಲ ಯೋಚಿಸಿದ್ದಳು. ಕೊಡದ ಬಗ್ಗೆ ಒಮ್ಮೆಯೂ ಅಲ್ಲ.

ಎಷ್ಟು ಹೊತ್ತು ಕೂತಿದ್ದಳೋ. ಬಾಗಿಲು ತೆಗೆದ ಸದ್ದಾಯಿತು. ಮೆಹರು. ಬಿಸಿಲು ಆಗಲೇ ಓರೆಯಾಗಿತ್ತು, ಹಂಡೆಯ ನೀರು ಅರ್ಧಕ್ಕಿಳಿದು ಇನ್ನೂ ಹಬೆಯಾಡುತ್ತಿತ್ತು. ಮೆಹರು ಮೊದಲು ಬಾಗಿಲ ಒಳಮೈ ನೋಡಿ ಹಗುರಾದಳು. ಆಮೇಲೆ ಗೋಡೆ ನೋಡಿದಳು, ಕಟ್ಟೆ ನೋಡಿದಳು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಕೊಡ ತಿಕ್ಕಾಕೆ ತಗೊಂಡು ಹೋಗಿದ್ದೆ," ಎಂದಳು ಕರಿಬಸಮ್ಮ. "ಮಸಿ ವಾಸನೆ ಅಂದಿದ್ದ."

ಮೆಹರು ಬಂದು ಪಕ್ಕದಲ್ಲಿ ಕೂತಳು. ಮೆಲ್ಲಗೆ ಹೇಳಿದಳು, "ದೊಡ್ಡವ್ವ, ನಾಳೆ ತೊಳೆಯೋರು ಬರ್ತಾರೆ. ನೀನು ಬ್ಯಾಡ ಅಂದ್ರೆ ಈ ಗೋಡೆ ತೊಳೀದಂಗೆ ಬಿಡಿಸ್ತೀನಿ. ಗಾಜು ಹಾಕಿಸಿ ಕೊಡ್ತೀನಿ. ಬೇಕಾದಾಗ ಹಬೆ ಮಾಡ್ಕೊಂಡು ನೋಡಬಹುದು. ಹಬೆಯಿಂದ ಏನೂ ಆಗಲ್ಲ, ಒಣಗಿದ್ರೆ ಉಪ್ಪು ಅಲ್ಲೇ ಉಳೀತದೆ. ಹರಿಯೋ ನೀರು ಮಾತ್ರ ತಾಕಿಸಬ್ಯಾಡ. ಉಪ್ಪು ಕೊಚ್ಕೊಂಡು ಹೋದ್ರೆ ಕೈ ಹೋಗ್ತದೆ. ಮತ್ತೆ ಬರಲ್ಲ."

"ಮತ್ತೆ ಬರಲ್ಲ," ಎಂದಳು ಕರಿಬಸಮ್ಮ, ಪಾಠ ಒಪ್ಪಿಸುವವಳ ಹಾಗೆ.

ಅವಳ ಹತ್ತಿರ ಕೊಟ್ರಪ್ಪನದೊಂದು ಫೋಟೊ ಕೂಡ ಇರಲಿಲ್ಲ. ನೆತ್ತಿಯ ಎಣ್ಣೆ ಕಲೆಯಿದ್ದ ದಿಂಬನ್ನೂ ಮಣ್ಣು ಮಾಡಿದ ದಿನವೇ ಸುಟ್ಟಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಉಳಿದದ್ದು ಇದೇ, ಈ ಗೋಡೆ. ಅವಳು ಬೆರಳು ಚಾಚಿ, ಮುಟ್ಟದೆ, ಆ ತುದಿಯಿಲ್ಲದ ಬೆರಳಿನ ಅಳತೆ ನೋಡಿದಳು. ಉಪ್ಪು ಹಬೆಯನ್ನು ಎಳೆದುಕೊಂಡು ಅಂಗೈ ತುಂಬ ನೀರು ಸೇರಿತ್ತು. ಆದರೆ ಹರಿಯುವಷ್ಟಲ್ಲ, ಗಂಟಲು ದಾಟುವಷ್ಟಲ್ಲ. ತುಟಿ ಒದ್ದೆಯಾಗುವಷ್ಟು, ಅಷ್ಟೆ.

ಎದ್ದಳು. ಹಿಂದಿನ ಕೋಣೆಗೆ ಹೋಗಿ ನೀರು ತುಂಬಿದ ತಾಮ್ರದ ಕೊಡ ತಂದು ಕಟ್ಟೆಯ ಮೇಲೆ, ಅದರ ಜಾಗದಲ್ಲಿ ಇಟ್ಟಳು. ತಂಬಿಗೆ ಅದ್ದಿದಳು.

ಮೆಹರು ಮಣಿಕಟ್ಟು ಹಿಡಿದಳು. "ದೊಡ್ಡವ್ವ! ಕೈ ಹೋಗ್ತದೆ ಅಂದೆನಲ್ಲ!"

"ಬಿಡೇ. ಒಂದು ವರ್ಷ ನಾಲ್ಕು ತಿಂಗಳಾತು, ಕೈ ಚಾಚ್ಕೊಂಡೇ ಅದಾನೆ."

ಮೆಹರು ಬಿಟ್ಟಳು.

ಕರಿಬಸಮ್ಮ ತಂಬಿಗೆ ಬಗ್ಗಿಸಿದಳು. ಆಚೀಚೆ ಸಿಡಿದ ನೀರನ್ನು ಗೋಡೆ ಒಲ್ಲೆ ಎಂದಿತು. ಹನಿಗಳು ದಿಕ್ಕಾಪಾಲಾಗಿ ಉರುಳಿ ಓಡಿದವು. ಆ ಒಂದು ಅಂಗೈ ಮಾತ್ರ ಓಡಿಸಲಿಲ್ಲ. ನೀರು ಅಲ್ಲಿ ನಿಂತಿತು, ಹರಡಿತು, ಬೆರಳಿಂದ ಬೆರಳಿಗೆ ಹೋಯಿತು.

"ಕುಡಿ," ಎಂದಳು. "ಮಸಿ ವಾಸನೆ ಇಲ್ಲ. ತಿಕ್ಕೀನಿ."

ಎರಡನೇ ತಂಬಿಗೆಗೆ ಅಂಗೈಯ ಗೆರೆಗಳು ಹೋದವು. ಮೂರನೆಯದಕ್ಕೆ ಹೆಬ್ಬೆರಳು. ಅವಳು ಅವಸರ ಮಾಡಲಿಲ್ಲ. ಹಸಿದು ಬಂದವರಿಗೆ ಬಡಿಸುವ ಹಾಗೆ, ಮುಖ ನೋಡಿ ನೋಡಿ ಹಾಕುವ ಹಾಗೆ, ಸಣ್ಣ ಧಾರೆಯಲ್ಲಿ ಬಿಟ್ಟಳು. ಬಾಗಿಲಲ್ಲಿ ಖೈರುನ್ಬಿ ಬಂದು ನಿಂತಿದ್ದಳು. ಜನ್ಮದಲ್ಲಿ ಮೊದಲ ಸಲ ಅವಳ ಬಾಯಿ ಮುಚ್ಚಿತ್ತು.

ಕೊನೆಗೆ ತುದಿಯಿಲ್ಲದ ಉಂಗುರಬೆರಳೊಂದೇ ಉಳಿಯಿತು. ಕರಿಬಸಮ್ಮ ಅದರ ಮೇಲೂ ನೀರು ಬಿಟ್ಟಳು. ಅದು ಕುಡಿಯಿತು. ಮತ್ತೆ ಬಿಟ್ಟಳು.

ಈ ಸಲ ನೀರು ನಿಲ್ಲಲಿಲ್ಲ. ಗುಂಡಗೆ ಒಂದು ಹನಿಯಾಗಿ, ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಅಂದವರ ಎದುರಿಗೆ ಸೌಟು ಸರಿಯುವ ಹಾಗೆ, ಪಕ್ಕಕ್ಕೆ ಸರಿದು, ಉರುಳಿ, ಕೊಡದೊಳಕ್ಕೆ ಬಿತ್ತು.